ಫೋನಿನ ಒಂದು ರಂಧ್ರ ಮತ್ತು ಮಲೆನಾಡಿನ ಮಳೆಗಾಲ



ಪರಿಸರದ ಮಾತೆಂದರೆ ಕಾಡು, ನದಿ, ಗಣಿ, ಅಣೆಕಟ್ಟುಗಳ ಮಾತೆಂಬುದು ರೂಢಿ. ಮೊಬೈಲ್ ಫೋನಿನ ಅಂಚಿನಲ್ಲಿರುವ ಮೂರೂವರೆ ಮಿಲಿಮೀಟರ್ ಅಗಲದ ಒಂದು ರಂಧ್ರ ಇಂಥ ಸಭೆಯ ವಿಷಯವಾಗುವುದು ಕೆಲವರಿಗೆ ವಿಚಿತ್ರವಾಗಿ ಕಾಣಬಹುದು. ಇಯರ್‌ಫೋನಿನ ತಂತಿಯನ್ನು ಸಿಕ್ಕಿಸುವ ಆ ರಂಧ್ರಕ್ಕೆ ಜಾಕ್ ಎಂದು ಹೆಸರು. ದುಬಾರಿ ಫೋನುಗಳಲ್ಲಿ ಅದು ಬಹುಮಟ್ಟಿಗೆ ಕಣ್ಮರೆಯಾಗಿದೆ. ಅಗ್ಗದ ಹಲವು ಫೋನುಗಳಲ್ಲಿ ಇನ್ನೂ ಉಳಿದುಕೊಂಡಿದೆ. ಪೇಟೆಯವರಿಗೆ ಇದು ಹಾಡು ಕೇಳುವ ಅನುಕೂಲದ ಪ್ರಶ್ನೆ. ಮಲೆನಾಡಿನಲ್ಲಿ ಪ್ರಶ್ನೆ ಬೇರೆ. ಕರೆಂಟು, ಟವರು ಎರಡೂ ಕೈಕೊಟ್ಟ ರಾತ್ರಿ ಹೊರಗಿನ ಸುದ್ದಿ ಮನೆಯೊಳಕ್ಕೆ ಬರುವ ದಾರಿ ಆ ರಂಧ್ರವೇ ಆಗಿರಬಹುದು.

ಫೋನಿನೊಳಗಿನ ಎಫ್.ಎಂ. ರೇಡಿಯೋ ಕೆಲಸ ಮಾಡುವ ಬಗೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಹಲವು ಫೋನುಗಳಲ್ಲಿ ವೈಫೈ ಮತ್ತು ಬ್ಲೂಟೂತ್ ನಡೆಸುವ ಚಿಪ್ಪಿನಲ್ಲಿಯೇ ಎಫ್.ಎಂ. ಗ್ರಾಹಕವೂ ಅಡಗಿರುತ್ತದೆ. ಆದರೆ ಗ್ರಾಹಕವೊಂದಿದ್ದರೆ ಸಾಲದು, ಆಂಟೆನಾ ಬೇಕು. ಆಂಟೆನಾದ ಉದ್ದಕ್ಕೂ ರೇಡಿಯೋ ಅಲೆಯ ಉದ್ದಕ್ಕೂ ನಂಟಿದೆ. ಮಡಿಕೇರಿ ಆಕಾಶವಾಣಿಯ ಎಫ್.ಎಂ. ಪ್ರಸಾರ 103.1 ಮೆಗಾಹರ್ಟ್ಸ್‌ನದು, ಅಂದರೆ ಸೆಕೆಂಡಿಗೆ 10 ಕೋಟಿ 31 ಲಕ್ಷ ಕಂಪನ. ಸೆಕೆಂಡಿಗೆ ಸುಮಾರು 30 ಕೋಟಿ ಮೀಟರ್ ಇರುವ ಬೆಳಕಿನ ವೇಗವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಅಲೆಯುದ್ದ ಸುಮಾರು 2.9 ಮೀಟರ್ ಎಂದು ವಿದ್ಯಾರ್ಥಿಗಳು ಲೆಕ್ಕ ಹಾಕಿಕೊಳ್ಳಬಹುದು. ಅದರ ಕಾಲುಭಾಗ 73 ಸೆಂಟಿಮೀಟರ್. ಅಂಗೈಯಗಲದ ಫೋನಿನಲ್ಲಿ ಅಷ್ಟುದ್ದದ ಕಡ್ಡಿಗೆ ಜಾಗವೆಲ್ಲಿ? ಕಿವಿಯಿಂದ ಜೇಬಿಗೆ ಇಳಿಯುವ ತಂತಿ ಮಾತ್ರ ಒಂದು ಮೀಟರಿಗಿಂತ ತುಸು ಹೆಚ್ಚೇ ಇರುತ್ತದೆ. ಫೋನ್ ತಯಾರಕರು ಅದನ್ನೇ ಆಂಟೆನಾ ಮಾಡಿಕೊಂಡರು. ತಂತಿ ಸಿಕ್ಕಿಸದೆ ರೇಡಿಯೋ ತೆರೆದರೆ ಇಯರ್‌ಫೋನ್ ಜೋಡಿಸಿರೆಂದು ಫೋನು ಕೇಳುವುದು ಇದೇ ಕಾರಣಕ್ಕೆ. ತಂತಿಯಿಲ್ಲದ ಇಯರ್‌ಬಡ್ಡು ಎಷ್ಟೇ ಬೆಲೆಯದಾದರೂ ಈ ಕೆಲಸವನ್ನು ಮಾಡಲಾರದು. ಕೆಲವು ಬಟನ್ ಫೋನುಗಳು ಆಂಟೆನಾವನ್ನು ಒಳಗೇ ಹೊಂದಿರುವುದು ನಿಜ. ಆದರೆ ಪ್ರಸಾರ ಕ್ಷೀಣವಾಗಿ ತಲುಪುವ ಕಣಿವೆಗಳಲ್ಲಿ ಅವುಗಳ ಧ್ವನಿ ತಂತಿಯಿಂದ ಬಂದಷ್ಟು ನಿಚ್ಚಳವಾಗಿರುವುದು ಕಷ್ಟ.

2018ರ ಆಗಸ್ಟ್ ನಡುವಿನಲ್ಲಿ ಕೊಡಗಿನ ಗುಡ್ಡಗಳು ಜರಿದುದನ್ನು, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ, ಅದೇ ತಿಂಗಳ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ನಡೆದುದನ್ನು ಯಾರೂ ಮರೆತಿರಲಾರರು. ಇಂಥ ಮಳೆಯಲ್ಲಿ ಮೊದಲು ಮರ ಬಿದ್ದು ವಿದ್ಯುತ್ ಹೋಗುತ್ತದೆ. ಟವರುಗಳು ಬ್ಯಾಟರಿಯ ಮೇಲೆ, ಆಮೇಲೆ ಡೀಸೆಲ್ ಮೇಲೆ ಕೆಲ ಹೊತ್ತು ಬದುಕುತ್ತವೆ. ರಸ್ತೆ ಕಡಿದು ಡೀಸೆಲ್ ಬಾರದಾದಾಗ ಅವೂ ಮೌನವಾಗುತ್ತವೆ. ರೇಡಿಯೋ ಕೇಳಲು ಈಗ ಆ್ಯಪ್ ಇದೆಯೆಂಬ ಮಾತಿಗೆ ಆ ಹೊತ್ತಿನಲ್ಲಿ ಅರ್ಥವಿಲ್ಲ. ಆ್ಯಪ್ ಇಂಟರ್ನೆಟ್ಟನ್ನು ನಂಬಿದ್ದು. ಬಾನುಲಿ ಪ್ರಸಾರದ ಗೋಪುರವಾದರೋ ಹತ್ತಾರು ಕಿಲೋಮೀಟರ್ ಆಚೆಯ ಎತ್ತರದಲ್ಲಿದ್ದು, ಒಂದೇ ಗೋಪುರದಿಂದ ನೂರಾರು ಊರುಗಳಿಗೆ ಮಾತಾಡಬಲ್ಲುದು. ಕೇಳುವವರು ಹೆಚ್ಚಾದರೆಂದು ಅದರ ದಾರಿ ಕಟ್ಟಿಕೊಳ್ಳುವುದಿಲ್ಲ. ಎಫ್.ಎಂ. ಅಲೆಗೆ ಗುಡ್ಡ ಅಡ್ಡವಾಗುತ್ತದೆ, ಎಲ್ಲ ಕಣಿವೆಗಳನ್ನೂ ಅದು ಮುಟ್ಟುವುದಿಲ್ಲ ಎಂಬುದನ್ನೂ ಹೇಳಬೇಕು. ಮುಟ್ಟುವ ಕಡೆಯಲ್ಲಾದರೂ ಅದನ್ನು ಹಿಡಿಯುವ ಸಾಧನ ಮನೆಯಲ್ಲಿರಬೇಕಷ್ಟೆ.

ಸರ್ಕಾರಕ್ಕೆ ಇದು ತಿಳಿಯದ ವಿಚಾರವಲ್ಲ. 2023ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯವು ಫೋನ್ ತಯಾರಕರಿಗೆ ಒಂದು ಸೂಚನೆ ನೀಡಿ, ಎಫ್.ಎಂ. ಸೌಲಭ್ಯವಿರುವ ಫೋನುಗಳಲ್ಲಿ ಅದನ್ನು ನಿಷ್ಕ್ರಿಯಗೊಳಿಸಬಾರದು, ಇಲ್ಲದ ಫೋನುಗಳಲ್ಲಿ ಸೇರಿಸಬೇಕು ಎಂದಿತು. ವಿಪತ್ತಿನ ಕಾಲದಲ್ಲಿ ರೇಡಿಯೋದ ಅಗತ್ಯವನ್ನೂ ಅದರಲ್ಲಿ ಒತ್ತಿ ಹೇಳಲಾಗಿತ್ತು. ಆದರೆ ಸೂಚನೆಯೆಂಬುದು ಸಲಹೆ ಮಾತ್ರ, ಕಾನೂನಲ್ಲ.

ಹಾಗಾದರೆ ರಂಧ್ರವನ್ನು ಮುಚ್ಚಿದ್ದೇಕೆ? ಜಾಕಿನ ವಂಶ ಬಲು ಹಳೆಯದು. ಹತ್ತೊಂಬತ್ತನೆಯ ಶತಮಾನದ ಟೆಲಿಫೋನ್ ವಿನಿಮಯ ಕೇಂದ್ರಗಳಲ್ಲಿ ಕರೆ ಜೋಡಿಸಲು ಬಳಸುತ್ತಿದ್ದ ದಪ್ಪ ಪ್ಲಗ್ಗು ಟ್ರಾನ್ಸಿಸ್ಟರ್ ರೇಡಿಯೋಗಳ ಕಾಲಕ್ಕೆ ಸಣ್ಣದಾಯಿತು. 1979ರಲ್ಲಿ ಬಂದ ಸೋನಿ ವಾಕ್‌ಮನ್ ಅದನ್ನು ಲೋಕವೆಲ್ಲ ಹರಡಿತು. ಅದು ಯಾವೊಂದು ಕಂಪನಿಯ ಸ್ವತ್ತೂ ಅಲ್ಲ. ಯಾರು ಮಾಡಿದ ತಂತಿಯಾದರೂ ಯಾರ ಯಂತ್ರಕ್ಕಾದರೂ ಹೊಂದುತ್ತದೆ. 2016ರ ಸೆಪ್ಟೆಂಬರಿನಲ್ಲಿ ಆಪಲ್ ಕಂಪನಿ ಐಫೋನ್ 7ರಿಂದ ಜಾಕನ್ನು ತೆಗೆದಾಗ ಅದರ ಅಧಿಕಾರಿ ಆ ನಿರ್ಧಾರವನ್ನು ಧೈರ್ಯವೆಂದು ಬಣ್ಣಿಸಿದರು. ಒಳಗಿನ ಜಾಗ ಉಳಿಯುತ್ತದೆ ಎಂಬುದು ಕೊಟ್ಟ ಕಾರಣ. ನೀರು ನುಗ್ಗದಂತೆ ತಡೆಯಲೂ ಇದು ಬೇಕೆಂದು ಅನೇಕರು ವಾದಿಸಿದರು. ಆದರೆ ಅದೇ ವರ್ಷ ಮಾರುಕಟ್ಟೆಗೆ ಬಂದಿದ್ದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್7 ಜಾಕ್ ಇಟ್ಟುಕೊಂಡೇ ನೀರನ್ನು ತಡೆಯುತ್ತಿತ್ತು. ಜಾಕ್ ಹೋದ ವೇದಿಕೆಯಲ್ಲಿಯೇ ತಂತಿಯಿಲ್ಲದ ಏರ್‌ಪಾಡ್ಸ್ ಕೂಡ ಪ್ರಕಟವಾಯಿತೆಂಬುದನ್ನು ಸೇರಿಸಿ ಓದಿದರೆ ಧೈರ್ಯದ ಬೆಲೆ ಯಾರ ಜೇಬಿನಿಂದ ಹೋಯಿತೆಂದು ತಿಳಿಯುತ್ತದೆ. ಸ್ಯಾಮ್‌ಸಂಗ್ 2019ರಲ್ಲಿ ನೋಟ್ 10ರಿಂದ ಅದೇ ದಾರಿ ಹಿಡಿಯಿತು. ರಿಪೇರಿಯನ್ನೇ ಧ್ಯೇಯವಾಗಿಸಿಕೊಂಡ ನೆದರ್ಲೆಂಡ್ಸ್‌ನ ಫೇರ್‌ಫೋನ್ ಸಹ 2021ರಲ್ಲಿ ತನ್ನ ನಾಲ್ಕನೆಯ ಫೋನಿನಿಂದ ಜಾಕನ್ನು ಕೈಬಿಟ್ಟಿತು!

ತಂತಿ ಹೋದಲ್ಲಿ ಬ್ಯಾಟರಿ ಬರುತ್ತದೆ. ತಂತಿಯ ಇಯರ್‌ಫೋನಿಗೆ ತನ್ನದೆಂಬ ಬ್ಯಾಟರಿಯೇ ಬೇಡ. ತಂತಿಯಿಲ್ಲದ ಜೋಡಿಗೆ ಮೂರು ಬೇಕು: ಎಡಗಿವಿಗೆ ಒಂದು, ಬಲಗಿವಿಗೆ ಒಂದು, ಅವನ್ನು ಇರಿಸುವ ಡಬ್ಬಿಗೆ ಒಂದು. ಲಿಥಿಯಂ ಬ್ಯಾಟರಿ ಕೆಲವು ನೂರು ಬಾರಿ ತುಂಬಿ ಬರಿದಾಗುವಷ್ಟರಲ್ಲಿ ಸೊರಗುತ್ತದೆ. ದಿನವೂ ಬಳಸಿದರೆ ಎರಡು ಮೂರು ವರ್ಷದ ಬಾಳು. ಹೆಚ್ಚಿನವುಗಳಲ್ಲಿ ಅದನ್ನು ಅಂಟು ಹಾಕಿ ಮುಚ್ಚಿರುವುದರಿಂದ ಬದಲಿಸುವ ಮಾತೇ ಇಲ್ಲ. ರಿಪೇರಿಯ ಸಾಧ್ಯತೆಯನ್ನು ಅಳೆಯುವ ಐಫಿಕ್ಸಿಟ್ ಸಂಸ್ಥೆ ಮೊದಲ ಏರ್‌ಪಾಡ್ಸ್‌ಗೆ ಹತ್ತರಲ್ಲಿ ಸೊನ್ನೆ ಅಂಕ ಕೊಟ್ಟಿತು. ಸ್ಪೀಕರ್ ಚೆನ್ನಾಗಿದ್ದಾಗಲೇ ಇಡೀ ವಸ್ತು ಕಸವಾಗುತ್ತದೆ.

ಈ ಪುಟ್ಟ ಬ್ಯಾಟರಿಗಳಲ್ಲಿ ಲಿಥಿಯಂ ಜೊತೆಗೆ ಸಾಮಾನ್ಯವಾಗಿ ಕೋಬಾಲ್ಟ್ ಇರುತ್ತದೆ. ಜಗತ್ತಿನ ಗಣಿಗಳಿಂದ ಬರುವ ಕೋಬಾಲ್ಟಿನಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಕಾಂಗೋ ದೇಶದ್ದು. ಅಲ್ಲಿ ಕೈಯಿಂದಲೇ ಅದಿರು ಅಗೆಯುವ ಗುಂಡಿಗಳಲ್ಲಿ ಮಕ್ಕಳೂ ದುಡಿಯುತ್ತಿರುವುದನ್ನು ಆಮ್ನೆಸ್ಟಿ ಸಂಸ್ಥೆ 2016ರಲ್ಲಿ ವರದಿ ಮಾಡಿತು. 2005ರ ಕೊನೆಯ ದಿನ ಗಣಿ ನಿಲ್ಲುವವರೆಗೂ ಕುದುರೆಮುಖದ ಹೂಳು ಭದ್ರೆಗೆ ಇಳಿಯುತ್ತಿದ್ದುದನ್ನು ಕಂಡ ಜನರಿಗೆ ಗಣಿಯೂರಿನ ಪಾಡನ್ನು ವಿವರಿಸಬೇಕಿಲ್ಲ. ಇನ್ನು ಕಸದ ಕಡೆಯ ಲೆಕ್ಕ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ಉಂಟಾದ ಇ-ತ್ಯಾಜ್ಯ 6 ಕೋಟಿ 20 ಲಕ್ಷ ಟನ್. ಅದರಲ್ಲಿ ಸರಿಯಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ ದಾಖಲೆಯಿರುವುದು ಶೇಕಡಾ 22.3ಕ್ಕೆ ಮಾತ್ರ. ಹಳ್ಳಿಯಲ್ಲಿ ಇಂಥ ಸಣ್ಣ ವಸ್ತು ಹೋಗುವುದು ಹಿತ್ತಿಲಿನ ಕಸದ ಬೆಂಕಿಗೆ. ಅಲ್ಲಿ ಬ್ಯಾಟರಿ ಸಿಡಿಯುತ್ತದೆ. ತಂತಿಯೇನೂ ಪುಣ್ಯಾತ್ಮನಲ್ಲ, ಅದರ ಮೇಲಿನ ಪಿ.ವಿ.ಸಿ. ಉರಿದಾಗ ಏಳುವ ಹೊಗೆ ವಿಷವೇ. ಎರಡನ್ನೂ ಸುಡಬಾರದು.

ಬ್ಯಾಟರಿಯನ್ನು ಅಂಟಿಸಿಯೇ ತೀರಬೇಕೆಂಬ ನಿಯಮ ಪ್ರಕೃತಿಯಲ್ಲಿಲ್ಲ. ಮೇಲೆ ಹೇಳಿದ ಫೇರ್‌ಫೋನ್ ಕಂಪನಿಯೇ 2024ರಲ್ಲಿ ಮೂರೂ ಬ್ಯಾಟರಿಗಳನ್ನು ಬಳಸುವವರೇ ಬದಲಿಸಬಹುದಾದ ಇಯರ್‌ಬಡ್ ಹೊರತಂದಿತು. ಬಳಸುವವರು ಬ್ಯಾಟರಿ ತೆಗೆಯಲು ಬರುವಂತಿರಬೇಕೆಂಬ ಯುರೋಪಿನ ಒಕ್ಕೂಟದ ಕಾನೂನಿಗೆ 2027ರ ಫೆಬ್ರುವರಿ 18 ಗಡುವು. ಭಾರತದ ಇ-ತ್ಯಾಜ್ಯ ಮತ್ತು ಬ್ಯಾಟರಿ ತ್ಯಾಜ್ಯ ನಿಯಮಗಳು, ಎರಡೂ 2022ರವು, ಹಿಂದಕ್ಕೆ ಪಡೆಯುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ.

ಪರಿಸರ ಕಾರ್ಯಕರ್ತರಲ್ಲಿಯೂ ಕೆಲವರು ಬ್ಲೂಟೂತಿನ ವಿಕಿರಣದಿಂದ ಮಿದುಳು ಕೆಡುತ್ತದೆಂದು ಹೆದರಿಸುವುದುಂಟು. ಆ ವಾದವನ್ನು ಬಿಡುವುದು ಲೇಸು. ಇಯರ್‌ಬಡ್ಡಿನ ಪ್ರಸಾರ ಶಕ್ತಿ ಕೆಲವೇ ಮಿಲಿವಾಟ್. ಕಿವಿಗೆ ಒತ್ತಿ ಹಿಡಿದ ಫೋನಿನ ಶಕ್ತಿ ಅದಕ್ಕಿಂತ ಬಹುಪಾಲು ಹೆಚ್ಚಿರಬಲ್ಲುದು. ಸುಳ್ಳು ಭಯದಿಂದ ನಿಜವಾದ ದೂರು ದುರ್ಬಲವಾಗುತ್ತದೆ. ತಂತಿಯಿಲ್ಲದ್ದು ಮೇಲೆನಿಸುವ ಸಂದರ್ಭಗಳೂ ಇವೆ. ಕಳೆ ಕೊಚ್ಚುವ ಯಂತ್ರ ಹಿಡಿದವರ, ಅಡಕೆ ಮರವೇರಿದವರ ಮೈಮೇಲೆ ತೂಗಾಡುವ ತಂತಿ ಅಪಾಯಕಾರಿ. ಆನೆ ಓಡಾಡುವ ಸಕಲೇಶಪುರದ ತೋಟದ ದಾರಿಗಳಲ್ಲಿ ಮಾತ್ರ ತಂತಿಯಿರಲಿ ಇಲ್ಲದಿರಲಿ, ಕಿವಿ ತೆರೆದಿರುವುದೇ ಕ್ಷೇಮ.

ತಂತಿಯ ಇಯರ್‌ಫೋನ್ ಹೆಚ್ಚಾಗಿ ಕೆಡುವುದು ಪ್ಲಗ್ಗಿನ ಬುಡದಲ್ಲಿ, ಬಾಗಿ ಬಾಗಿ ತಂತಿ ತುಂಡಾಗುವುದರಿಂದ. ಬೆಸುಗೆ ಕಡ್ಡಿಯಿರುವ ಯಾವ ಶಾಲೆಯಲ್ಲಾದರೂ ಅದನ್ನು ಸರಿಪಡಿಸಬಹುದು. ಮೈಕ್ ಇರುವ ಪ್ಲಗ್ಗಿಗೆ ನಾಲ್ಕು ಭಾಗ. ಈಚಿನ ಫೋನುಗಳ ಕ್ರಮದಲ್ಲಿ ತುದಿಯಿಂದ ಎಡಗಿವಿ, ಬಲಗಿವಿ, ಭೂತಂತಿ, ಮೈಕ್. ಒಳಗಿನ ಕೂದಲೆಳೆಯಂಥ ತಂತಿಗಳ ಮೇಲೆ ಬಣ್ಣದ ಅರಗಿನಂಥ ಲೇಪವಿರುತ್ತದೆ. ಅದನ್ನು ಸುಟ್ಟೋ ಕೆರೆದೋ ತೆಗೆಯದಿದ್ದರೆ ಬೆಸುಗೆ ಹಿಡಿಯದು.

ಹೊಸ ಫೋನು ಕೊಳ್ಳುವ ಮನೆಯವರು ಅಂಗಡಿಯಲ್ಲಿಯೇ ಜಾಕ್ ಮತ್ತು ಎಫ್.ಎಂ. ಎರಡನ್ನೂ ಕೇಳಿ ನೋಡಬೇಕು. ಜಾಕ್ ಇದ್ದ ಮಾತ್ರಕ್ಕೆ ಎಫ್.ಎಂ. ಇರುತ್ತದೆಂದಿಲ್ಲ. ಮೃಗಶಿರಾ ಮಳೆ ಹಿಡಿಯುವ ಮೊದಲೊಂದು ಸಂಜೆ ಫೋನಿನ ಇಂಟರ್ನೆಟ್ ಆರಿಸಿ, ತಂತಿ ಸಿಕ್ಕಿಸಿ, ಜಗಲಿ, ಅಂಗಳ, ಮನೆ ಮೇಲಿನ ದಿಬ್ಬ, ಹೀಗೆ ಎಲ್ಲಿ ಯಾವ ನಿಲಯ ಸಿಗುತ್ತದೆಂದು ಗುರುತು ಹಾಕಿಕೊಳ್ಳುವುದು ಒಳ್ಳೆಯದು. ತಂತಿಯನ್ನು ಸುರುಳಿ ಸುತ್ತದೆ ನೀಳವಾಗಿ ಇಳಿಬಿಡಬೇಕು. ಸ್ಪೀಕರ್ ಸತ್ತುಹೋದ ಹಳೆಯ ಇಯರ್‌ಫೋನನ್ನೂ ಎಸೆಯಬೇಕಿಲ್ಲ. ಭೂತಂತಿ ತುಂಡಾಗದಿದ್ದರೆ ಅದು ಆಂಟೆನಾ ಆಗಿ ಕೆಲಸ ಮಾಡುತ್ತದೆ. ಅದನ್ನು ಸಿಕ್ಕಿಸಿ, ರೇಡಿಯೋವನ್ನು ಫೋನಿನ ಸ್ಪೀಕರಿಗೆ ತಿರುಗಿಸಿದರೆ ಜಗಲಿಯಲ್ಲಿ ಕುಳಿತವರಿಗೆಲ್ಲ ವಾರ್ತೆ ಕೇಳಿಸುತ್ತದೆ.