ನೀರ ಮೇಲೇಳುವ ದೋಣಿ



ಕೃಷ್ಣೆ ಮಲಪ್ರಭೆಗಳು ಕೂಡುವ ಈ ಸಂಗಮದಲ್ಲಿ ಕುಳಿತು ನಾವು ದೋಣಿಯ ಮಾತನಾಡುವುದು ಸಹಜವೇ ಆಗಿದೆ. 1982ರಲ್ಲಿ ನಾರಾಯಣಪುರದ ಅಣೆಕಟ್ಟು ಪೂರ್ಣಗೊಂಡಿತು. ಅದರ ಹಿನ್ನೀರು ಇಲ್ಲಿಯವರೆಗೂ ಹಬ್ಬುವುದರಿಂದ ಐಕ್ಯಮಂಟಪದ ಸುತ್ತ ಬಾವಿಯಂತೆ ಗೋಡೆ ಕಟ್ಟಬೇಕಾಯಿತು.

ಹರಿಗೋಲು ತನ್ನ ಭಾರದಷ್ಟೇ ಭಾರದ ನೀರನ್ನು ಸರಿಸಿ ತೇಲುತ್ತದೆ. ಯಂತ್ರದ ದೋಣಿಯೂ ನಿಧಾನವಾಗಿದ್ದಾಗ ಹಾಗೆಯೇ. ವೇಗವೇರಿದಂತೆ ಮುಂದೆ ತೆರೆ ಏಳುತ್ತದೆ. ಮೂತಿ ಮೇಲಾಗಿ ಹಿಂಭಾಗ ಕುಸಿಯುತ್ತದೆ. ಇನ್ನೂ ಬಲ ಕೊಟ್ಟರೆ ಚಪ್ಪಟೆ ತಳವು ನೀರನ್ನು ಕೆಳಗೊತ್ತುತ್ತದೆ, ನೀರು ದೋಣಿಯನ್ನು ಮೇಲೊತ್ತುತ್ತದೆ. ಆಗ ಅದು ತನ್ನ ತೆರೆಯನ್ನು ತಾನೇ ಏರಿ, ನೀರಿನ ಮೇಲೆ ಜಾರತೊಡಗುತ್ತದೆ. ಮಕ್ಕಳು ಎಸೆದ ಚಪ್ಪಟೆ ಕಲ್ಲು ಹೊಳೆಯ ಮೇಲೆ ಕುಪ್ಪಳಿಸುವುದಿಲ್ಲವೇ? ಹಾಗೆ.

ಆದರೆ ಈ ಎತ್ತರ ವೇಗದಿಂದ ತಂದ ಸಾಲ. ಯಂತ್ರ ನಿಂತರೆ ದೋಣಿ ಮೊದಲಿನ ಆಳಕ್ಕೇ ಇಳಿಯುತ್ತದೆ. ಇನ್ನೊಂದು ಸಂಗತಿಯನ್ನೂ ಮನಗಾಣಬೇಕು. ಹರಿಗೋಲು ಎದುರಾದಾಗ ವೇಗವನ್ನು ಅರ್ಧ ತಗ್ಗಿಸಿದರೆ ಸಾಲದು. ಜಾರುವಿಕೆಗೂ ತೇಲುವಿಕೆಗೂ ನಡುವಣ ಆ ಹಂತದಲ್ಲಿಯೇ ತೆರೆ ಅತಿ ದೊಡ್ಡದು. ಹರಿಗೋಲಿನಲ್ಲಿ ಕುಳಿತ ತಾಯಿ ಮಕ್ಕಳಿಗೆ ಅದೇ ಗಂಡಾಂತರ. ದೂರದಿಂದಲೇ ಪೂರ್ತಿ ನಿಧಾನಿಸಬೇಕು.

ಸಿರಿಯಿಂದ, ಅಧಿಕಾರದಿಂದ ಮೇಲೆದ್ದವರಿಗೂ ಇದೇ ನೀತಿ. ಅರೆಮನಸ್ಸಿನಿಂದ ಬಾಗಿದವನೇ ಬಡವನನ್ನು ಹೆಚ್ಚು ಅಲುಗಿಸುತ್ತಾನೆ. ಬಾಗುವುದಾದರೆ ಪೂರ್ತಿ ಬಾಗಬೇಕು. ಅಂಬಿಗರ ಚೌಡಯ್ಯನವರ ಕಾಯಕ ಜನರನ್ನು ದಾಟಿಸುವುದಾಗಿತ್ತು. ನಮ್ಮ ವೇಗವೂ ಯಾರನ್ನೂ ಮುಳುಗಿಸದೆ ದಾಟಿಸುವಂತಾಗಲಿ.