ಎಷ್ಟ್ ಎಳೀತದ ಅಂತ ಕೇಳ್ತೀರಿ, ಎಷ್ಟ್ ತಡೀತದ ಅಂತ ಕೇಳೀರೇನು?

ಇವತ್ತು ಯಾವ ಪಕ್ಷದ ಸುದ್ದಿಯೂ ಇಲ್ಲ, ಯಾರ ಕುರ್ಚಿಯ ಸುದ್ದಿಯೂ ಇಲ್ಲ. ಇವತ್ತು ಗಾಡಿ ಸುದ್ದಿ. ಪಿಕಪ್ ಗಾಡಿ ಸುದ್ದಿ.

ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಭೀಮರಾಯನಗುಡಿ ಗೊತ್ತಲ್ಲ? ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿಗಳಿರುವ ಊರು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದ ಯೋಜನೆ ಅದು. ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆಗೆ ನೀರು ಹರೀತು. ಜೋಳ, ತೊಗರಿ ನಂಬಿಕೊಂಡಿದ್ದ ಎರೆ ಹೊಲಗಳಿಗೆ ಭತ್ತ ಬಂತು, ಹತ್ತಿ ಬಂತು, ಮೆಣಸಿನಕಾಯಿ ಬಂತು. ಬೆಳೆ ಬಂದ ಮೇಲೆ ಸಾಗಿಸೋಕೆ ಗಾಡಿ ಬೇಕಲ್ಲ? ಎತ್ತಿನ ಬಂಡಿ ಹಿಂದೆ ಸರೀತು, ಟ್ರ್ಯಾಕ್ಟರ್ ಬಂತು. ಟ್ರ್ಯಾಕ್ಟರ್ ಹಿಂದೆಯೇ ಪಿಕಪ್ ಬಂತು.

ಈಗ ಶಹಾಪುರ, ಸುರಪುರ, ಭೀಮರಾಯನಗುಡಿ, ಎಲ್ಲಿಯ ಚಹಾದಂಗಡಿ ಮುಂದೆ ಬೇಕಾದ್ರೂ ನಿಲ್ಲಿ. ಹುಡುಗರ ಮಾತು ಒಂದೇ. "ಯಾವ ಗಾಡಿ ಛಲೋ? ಎಷ್ಟ್ ಎಳೀತದ?" ಒಬ್ಬ ಬೊಲೆರೋ ಅಂತಾನೆ, ಇನ್ನೊಬ್ಬ ಯೋಧ ಅಂತಾನೆ, ಮತ್ತೊಬ್ಬ ದೋಸ್ತ್ ಅಂತಾನೆ. ಎಂಜಿನ್ ಲೆಕ್ಕ, ಗೇರ್ ಲೆಕ್ಕ, ಮೈಲೇಜ್ ಲೆಕ್ಕ ಎಲ್ಲಾ ಬಾಯಿಪಾಠ. ಈ ಮಾತನ್ನ ನಾನು ಹಗುರವಾಗಿ ತಗೊಳ್ಳೋದಿಲ್ಲ. ಯಾಕಂದ್ರೆ ಇದು ಶೋಕಿ ಮಾತಲ್ಲ, ಹೊಟ್ಟೆಪಾಡಿನ ಮಾತು. ಒಂಬತ್ತು-ಹತ್ತು ಲಕ್ಷದ ಗಾಡಿ, ತಿಂಗಳು ತಿಂಗಳು ಕಂತು. ಗಾಡಿ ನಿಂತ್ರೆ ಮನೆ ನಿಲ್ಲುತ್ತೆ.

ಹಾಗಾದ್ರೆ ನಾವೂ ಸ್ವಲ್ಪ ಹೋಲಿಸಿ ನೋಡೋಣ. 2005ರಲ್ಲಿ ಟಾಟಾ ಏಸ್ ಬಂತು. ಜನ ಪ್ರೀತಿಯಿಂದ ಛೋಟಾ ಹಾಥಿ ಅಂದ್ರು. ಎರಡು ಸಿಲಿಂಡರ್, 702 ಸಿಸಿ, ಶಕ್ತಿ ಬರೀ 16 ಎಚ್‌ಪಿ. ಅಷ್ಟರಲ್ಲೇ ಅದು ಸಣ್ಣ ಊರುಗಳ ವ್ಯಾಪಾರದ ದಿಕ್ಕು ಬದಲಿಸಿತು. 2011ರಲ್ಲಿ ಅಶೋಕ್ ಲೇಲ್ಯಾಂಡ್ ದೋಸ್ತ್ ಬಂತು. ಮೂರು ಸಿಲಿಂಡರ್, ಒಂದೂವರೆ ಲೀಟರ್ ಎಂಜಿನ್, ಒಂದೂಕಾಲು ಟನ್ ಭಾರ. ಮಹೀಂದ್ರಾ ಬೊಲೆರೋ ಪಿಕಪ್ಪಿನದು 2523 ಸಿಸಿ ಡೀಸೆಲ್ ಎಂಜಿನ್, ಬಿಎಸ್-6 ಗಾಡಿಯಲ್ಲಿ 75 ಎಚ್‌ಪಿ, 200 ನ್ಯೂಟನ್ ಮೀಟರ್ ಟಾರ್ಕ್. ಅದರ ದೊಡ್ಡ ಮಾದರಿಗೆ 1700 ಕಿಲೋ ಹೊರುವ ಅನುಮತಿ. 2017ರಲ್ಲಿ ಬಂದ ಟಾಟಾ ಯೋಧದ್ದು 2.2 ಲೀಟರ್ ಎಂಜಿನ್. ಅದರದ್ದೇ ಎರಡು ಟನ್ ಹೊರುವ ಮಾದರಿ 2022ರಲ್ಲಿ ಬಂತು.

ಅದೇ 2022ರಲ್ಲಿ ಇನ್ನೊಂದು ಪಿಕಪ್ ನಮ್ಮ ದೇಶಕ್ಕೆ ಬಂತು. ಟೊಯೋಟಾ ಹೈಲಕ್ಸ್. 2.8 ಲೀಟರ್ ಎಂಜಿನ್, 204 ಎಚ್‌ಪಿ, ಆಟೋಮ್ಯಾಟಿಕ್ ಗಾಡಿಯಲ್ಲಿ 500 ನ್ಯೂಟನ್ ಮೀಟರ್ ಟಾರ್ಕ್, ಬೆಲೆ ಸುಮಾರು 30 ಲಕ್ಷ. ನಮ್ಮ ಹುಡುಗರು ಮೊಬೈಲ್‌ನಲ್ಲಿ ಅದರ ವಿಡಿಯೋ ನೋಡಿ ಬಾಯಿ ಬಿಡ್ತಾರೆ. ಆದ್ರೆ ಅದು ಹೊರೋದೆಷ್ಟು ಗೊತ್ತಾ? ಅರ್ಧ ಟನ್ನಿಗೂ ಕಡಿಮೆ! 75 ಎಚ್‌ಪಿ ಬೊಲೆರೋ 1700 ಕಿಲೋ ಹೊರುತ್ತೆ, 204 ಎಚ್‌ಪಿ ಹೈಲಕ್ಸ್ ಅದರ ಮೂರನೇ ಒಂದು ಭಾಗವನ್ನೂ ಹೊರೋದಿಲ್ಲ.

ಇದು ಹೇಗೆ? ಇಲ್ಲೇ ಇರೋದು ಗುಟ್ಟು. ಕುದುರೆ ಎಷ್ಟು ಚುರುಕಾಗಿ ಕೆಲಸ ಮುಗಿಸುತ್ತೆ ಅನ್ನೋದು ಎಚ್‌ಪಿ. ಎರೆ ಹೊಲದಲ್ಲಿ ಗಾಲಿ ಹೂತಾಗ ಎತ್ತು ಹೆಗಲು ಕೊಟ್ಟು ಎಬ್ಬಿಸುತ್ತಲ್ಲ, ಅದು ಟಾರ್ಕ್. ಆದ್ರೆ ಗಾಡಿ ಎಷ್ಟು ಹೊರಬೇಕು ಅನ್ನೋದನ್ನ ಎಚ್‌ಪಿಯೂ ತೀರ್ಮಾನ ಮಾಡಲ್ಲ, ಟಾರ್ಕೂ ಮಾಡಲ್ಲ. ಅಚ್ಚು, ಚಾಸಿ, ಟೈರ್, ಸ್ಪ್ರಿಂಗ್, ಬ್ರೇಕ್ ಇವೆಲ್ಲ ಒಟ್ಟಿಗೆ ಕೂತು ತೀರ್ಮಾನ ಮಾಡ್ತವೆ. 1700 ಕಿಲೋ ಅಂತ ಬರೆದಿದ್ರೆ ಅದು ಎಂಜಿನ್ ಎಳೆಯೋ ತೂಕ ಅಲ್ಲ ಸ್ವಾಮಿ, ಗಾಡಿ ನಿಲ್ಲಿಸಬಲ್ಲ ತೂಕವೂ ಹೌದು. ನಮ್ಮವರು ಕೇಳೋದು ಮೊದಲರ್ಧ ಮಾತ್ರ.

ಈಗ ಗ್ಯಾರೇಜ್ ಕಡೆ ಬನ್ನಿ. ಹೊಸ ಗಾಡಿ ಶೋರೂಮ್ ಬಿಟ್ಟು ಬಂದ ಕೂಡಲೇ ಮೊದಲು ಆಗೋ ಕೆಲಸ ಏನು? ಹಿಂದಿನ ಸ್ಪ್ರಿಂಗ್‌ಗೆ ಎರಡು ಪಟ್ಟಿ ಜಾಸ್ತಿ. "ಲೋಡ್ ಹಾಕಿದ್ರ ಗಾಡಿ ಕುಂದರಬಾರ್ದು" ಅನ್ನೋದು ವಾದ. ಆಮೇಲೆ ಪಕ್ಕದ ಹಲಗೆ ಎತ್ತರ ಮಾಡೋದು, ಯಾಕಂದ್ರೆ ಹತ್ತಿ ತೂಕ ಕಡಿಮೆ, ಜಾಗ ಜಾಸ್ತಿ. ಆಮೇಲೆ ಕಣ್ಣು ಕುಕ್ಕೋ ಎಲ್‌ಇಡಿ ದೀಪ, ಎದೆ ಒಡೆಯೋ ಹಾರ್ನ್, ಹಾಡಿನ ಡಬ್ಬ.

ಪಟ್ಟಿ ಹಾಕಿದ್ರೆ ಏನಾಗುತ್ತೆ? ಗಾಡಿ ಕೂರೋದಿಲ್ಲ, ನಿಜ. ಆದ್ರೆ ಬ್ರೇಕ್ ದೊಡ್ಡದಾಗಲ್ಲ, ಟೈರ್ ಗಟ್ಟಿಯಾಗಲ್ಲ. ಲೋಡ್ ಜಾಸ್ತಿಯಾಗಿದೆ ಅಂತ ಕಣ್ಣಿಗೆ ಹೇಳ್ತಿದ್ದ ಒಂದೇ ಒಂದು ಗುರುತನ್ನ ನೀವೇ ಅಳಿಸಿ ಹಾಕಿದ್ರಿ, ಅಷ್ಟೆ. ಇನ್ನೂ ಒಂದು ವಿಷಯ ಇದೆ. ಕೆಲವು ಪಿಕಪ್‌ಗಳಲ್ಲಿ ಹಿಂದಿನ ಬ್ರೇಕಿಗೆ ಒಂದು ವಾಲ್ವ್ ಇರುತ್ತೆ. ಗಾಡಿ ಎಷ್ಟು ಕೂತಿದೆ ಅನ್ನೋದನ್ನ ನೋಡಿ, ಭಾರಕ್ಕೆ ತಕ್ಕಂತೆ ಹಿಂದಿನ ಚಕ್ರಕ್ಕೆ ಬ್ರೇಕ್ ಒತ್ತಡ ಕೊಡೋದು ಅದರ ಕೆಲಸ. ಪಟ್ಟಿ ಹೆಚ್ಚಿಸಿದ್ರೆ ಗಾಡಿ ಕೂರೋದೇ ಇಲ್ಲ. ಆಗ ಆ ವಾಲ್ವ್ ಏನು ತಿಳ್ಕೊಳ್ಳುತ್ತೆ? ಗಾಡಿ ಖಾಲಿ ಇದೆ ಅಂತ! ಮೇಲೆ ಎರಡೂವರೆ ಟನ್, ಬ್ರೇಕಿಗೆ ಖಾಲಿ ಗಾಡಿಯ ಲೆಕ್ಕ. ಜೊತೆಗೆ ವೇಗದ ಲೆಕ್ಕ ಸೇರಿಸಿ. 40ರಲ್ಲಿ ಹೋಗೋ ಗಾಡಿಗಿಂತ 60ರಲ್ಲಿ ಹೋಗೋ ಗಾಡಿಯನ್ನ ನಿಲ್ಲಿಸೋಕೆ ಬ್ರೇಕ್ ಎರಡೂಕಾಲು ಪಟ್ಟು ಕೆಲಸ ಮಾಡಬೇಕು.

ಈ ಹುಚ್ಚು ನಮ್ಮಲ್ಲಿ ಮಾತ್ರ ಅಂದ್ಕೋಬೇಡಿ. ಅಮೆರಿಕದಲ್ಲಿ ಫೋರ್ಡ್, ರಾಮ್, ಷೆವರ್ಲೆ ಪಿಕಪ್‌ಗಳ ಅಭಿಮಾನಿಗಳು ವರ್ಷಗಟ್ಟಲೆ ಜಗಳ ಆಡ್ತಾರೆ. ರಾಮ್ ಗಾಡಿಯೊಳಗಿನ ಕಮ್ಮಿನ್ಸ್ ಎಂಜಿನ್ ಅಂದ್ರೆ ಅವರಿಗೆ ದೇವರು. ಆ ಕಮ್ಮಿನ್ಸ್ ಕಂಪನಿ 1962ರಲ್ಲೇ ಕಿರ್ಲೋಸ್ಕರ್ ಜೊತೆ ಸೇರಿ ನಮ್ಮ ಪಕ್ಕದ ಪುಣೆಗೆ ಬಂದಿತ್ತು ಅನ್ನೋದು ಬೇರೆ ಮಾತು. ಅಲ್ಲಿ ಮಾರ್ಪಾಡು ಅಂದ್ರೆ ಹೊಗೆ ತಡೆಯೋ ಫಿಲ್ಟರ್ ಕಿತ್ತು ಎಸೆಯೋದು, ಎಂಜಿನ್ ಕಂಪ್ಯೂಟರ್ ತಿದ್ದೋದು. ಹತ್ತು ವರ್ಷಗಳಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್‌ಗಳ ಹೊಗೆ ತಡೆಯೋ ಸಾಧನ ಕಿತ್ತಿದ್ದಾರೆ ಅಂತ ಅಲ್ಲಿನ ಪರಿಸರ ಸಂಸ್ಥೆಯೇ 2020ರಲ್ಲಿ ಅಂದಾಜು ಮಾಡಿತು. ಆದ್ರೆ ಒಂದು ವ್ಯತ್ಯಾಸ ಇದೆ ನೋಡಿ. ಅಲ್ಲಿಯವರು ಪಿಕಪ್ ಹಿಂದೆ ದೋಣಿ ಕಟ್ಟಿಕೊಂಡು ಹೋಗ್ತಾರೆ, ಕುದುರೆ ಗಾಡಿ ಕಟ್ಟಿಕೊಂಡು ಹೋಗ್ತಾರೆ. ನಮ್ಮ ಪಿಕಪ್ ಹಿಂದೆ ಯಾರಿದ್ದಾರೆ?

ನಮ್ಮ ತಾಯಂದಿರಿದ್ದಾರೆ.

ಹತ್ತಿ ಬಿಡಿಸೋ ಕಾಲಕ್ಕೆ, ಮೆಣಸಿನಕಾಯಿ ಬಿಡಿಸೋ ಕಾಲಕ್ಕೆ, ಬೆಳಗಿನ ಜಾವ ಈ ಭಾಗದ ಯಾವ ರಸ್ತೆಗೆ ಬೇಕಾದ್ರೂ ಬನ್ನಿ. ಪಿಕಪ್ ಹಿಂದೆ ಹೆಣ್ಣುಮಕ್ಕಳು ನಿಂತಿರ್ತಾರೆ. ಕೈಯಲ್ಲಿ ಬುತ್ತಿ ಗಂಟು, ತಲೆಗೆ ಸೆರಗು, ಹಿಡ್ಕೊಳ್ಳೋಕೆ ಒಂದು ಕಬ್ಬಿಣದ ಸರಳು. ಡ್ರೈವರ್‌ನ ಕೇಳಿದ್ರೆ ಏನಂತಾನೆ? "ಓವರ್‌ಲೋಡ್ ಇಲ್ರಿ ಸರ್. ಮೂವತ್ತು ಮಂದಿ, ಐವತ್ತು ಕಿಲೋ ಹಿಡಿದ್ರೂ ಹದಿನೈದುನೂರು ಕಿಲೋ. ಕಂಪನಿಯೇ ಹದಿನೇಳುನೂರು ಕೊಟ್ಟಾದ."

ಲೆಕ್ಕ ಸರಿ. ಆದ್ರೆ ಬದುಕು ಬರೀ ತೂಕದ ಲೆಕ್ಕ ಅಲ್ಲ. ಐವತ್ತು ಕಿಲೋದ 30 ಗೊಬ್ಬರದ ಚೀಲ ಹಾಕಿ. ಅವು ಗಾಡಿಯ ತಳಕ್ಕೆ ಅಂಟಿಕೊಂಡು ಮಲಗ್ತವೆ, ತಿರುವಿನಲ್ಲಿ ಅಲುಗಾಡೋದಿಲ್ಲ. ಅದೇ ಜಾಗದಲ್ಲಿ 30 ಜನ ನಿಂತ್ರೆ ಭಾರ ಸೊಂಟದ ಎತ್ತರಕ್ಕೆ ಏರುತ್ತೆ. ತಿರುವು ಬಂದ್ರೆ ಎಲ್ಲರೂ ಒಂದೇ ಕಡೆಗೆ ವಾಲ್ತಾರೆ. ಬ್ರೇಕ್ ಹಾಕಿದ್ರೆ ಎಲ್ಲರೂ ಮುಂದಕ್ಕೆ ಬೀಳ್ತಾರೆ. ಅದರ ಮೇಲೆ ಕಾಲುವೆ ದಂಡೆಯ ರಸ್ತೆ, ಒಂದು ಕಡೆ ನೀರು, ಇನ್ನೊಂದು ಕಡೆ ತಗ್ಗು. ಗಾಡಿ ಮಗುಚೋಕೆ ಇನ್ನೇನು ಬೇಕು? ಚೀಲ ಬಿದ್ರೆ ಹೊಲಿಗೆ ಬಿಚ್ಚುತ್ತೆ, ಮತ್ತೆ ತುಂಬ್ತೀರಿ. ಮನುಷ್ಯ ಬಿದ್ರೆ?

ಇದು ಹೆದರಿಸೋ ಮಾತಲ್ಲ. 2024ರ ಮೇ 20. ಛತ್ತೀಸಗಢದ ಕವರ್ಧಾ ಬಳಿ ತೆಂದು ಎಲೆ ಕೊಯ್ದು ಮನೆಗೆ ಮರಳುತ್ತಿದ್ದ ಆದಿವಾಸಿಗಳ ಪಿಕಪ್ ಕಂದಕಕ್ಕೆ ಬಿತ್ತು. 19 ಜನ ಸತ್ತರು. ಬಹುತೇಕ ಎಲ್ಲರೂ ಹೆಣ್ಣುಮಕ್ಕಳು. ದೂರದ ಊರು ಅಂತೀರಾ? 2025ರ ಜನವರಿ 22. ನಮ್ಮದೇ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಹಣ್ಣು-ತರಕಾರಿ ವ್ಯಾಪಾರಿಗಳ ಲಾರಿ ಯಲ್ಲಾಪುರದ ಹತ್ತಿರ ಉರುಳಿತು. ಸರಕಿನ ಜೊತೆ ಹೊರಟಿದ್ದ 10 ಜನ ವಾಪಸ್ ಬರಲಿಲ್ಲ. ಎರಡು ದಿನ ನಾವು ಟಿವಿಯಲ್ಲಿ ತೋರಿಸಿದ್ವಿ, ನೀವು ನೋಡಿದ್ರಿ. ಮೂರನೇ ದಿನ ಬೇರೆ ಸುದ್ದಿ ಬಂತು.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ಸ್ವರೂಪವನ್ನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಡಾಖಂಡಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಓವರ್‌ಲೋಡ್‌ಗೆ 20 ಸಾವಿರ ರೂಪಾಯಿ ದಂಡ, ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ 2 ಸಾವಿರ. ದಂಡದ ಮಾತು ಬಿಡಿ, ಅದನ್ನ ಹೇಗೋ ನಿಭಾಯಿಸ್ತೀರಿ. ಗಾಡಿ ಮಾಲೀಕರು ಕಿವಿಗೊಟ್ಟು ಕೇಳಬೇಕಾದ ಮಾತು ವಿಮೆಯದು. ಸರಕು ಸಾಗಿಸುವ ಗಾಡಿಯಲ್ಲಿ ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿ ಕೂತು ಹೋಗೋದಕ್ಕೆ ವಿಮೆ ಇದೆ. ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ವಿಮೆ ಕಂಪನಿ ಹೊಣೆ ಅಲ್ಲ. 2002ರಲ್ಲೇ ಆಶಾರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನ ತೀರ್ಮಾನ ಮಾಡಿದೆ.

ಅಂದ್ರೆ ಅರ್ಥ ಏನು? ನಾಳೆ ಏನಾದ್ರೂ ಆದ್ರೆ ಪರಿಹಾರದ ಭಾರ ಬರೋದು ಕಂತು ಕಟ್ಟೋಕೆ ಪರದಾಡ್ತಿರೋ ಆ ಹುಡುಗನ ತಲೆ ಮೇಲೆ. ಅವನ ಹತ್ತಿರ ಕೊಡೋಕೆ ಏನಿದೆ? ಗಾಡಿ ನಜ್ಜುಗುಜ್ಜಾಗಿರುತ್ತೆ, ಹೊಲ ಇದ್ರೆ ಮಾರಬೇಕು. ಇತ್ತ ತಾಯಿಯನ್ನ ಕಳ್ಕೊಂಡ ಮನೆಗೆ ಕೋರ್ಟಿನ ಕಾಗದ ಸಿಗುತ್ತೆ, ದುಡ್ಡು ಸಿಗೋದು ದೇವರಿಗೇ ಗೊತ್ತು. ಒಂದು ಅಪಘಾತಕ್ಕೆ ಎರಡು ಕಡೆಯ ಬಡವರು ಬೀದಿಗೆ.

ಹಾಗಂತ ನಾಳೆಯಿಂದ ಪೊಲೀಸರು ಅಡ್ಡ ನಿಂತು ಎಲ್ಲರನ್ನೂ ಇಳಿಸಿಬಿಟ್ರೆ ಮುಗೀತಾ? ಇಳಿಸಿದ್ರೆ ಆ ತಾಯಿ ಆ ದಿನದ ಕೂಲಿ ಕಳ್ಕೋತಾಳೆ, ಅಷ್ಟೆ. ಮರುದಿನ ಬೇರೆ ರಸ್ತೆಯಿಂದ ಬೇರೆ ಪಿಕಪ್ ಹತ್ತುತಾಳೆ. ಅವಳೇನು ಮೋಜಿಗೆ ಹತ್ತಿದ್ಲಾ? 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಅವಳಿಗೆ ಸರ್ಕಾರಿ ಬಸ್ ಉಚಿತ. ಒಳ್ಳೇದೇ ಆಯ್ತು. ಆದ್ರೆ ಟಿಕೆಟ್ ಉಚಿತ ಇದ್ದು, ಬೆಳಿಗ್ಗೆ ಆರಕ್ಕೆ ಹೊಲದ ದಾರಿಗೆ ಬಸ್ಸೇ ಇಲ್ಲದಿದ್ರೆ ಆ ಉಚಿತವನ್ನ ಅವಳು ಏನ್ ಮಾಡ್ಬೇಕು? ಬಸ್ ಓಡೋದು ದೊಡ್ಡ ರಸ್ತೆಯಲ್ಲಿ, ಹತ್ತಿ ಬೆಳೆಯೋದು ಕಾಲುವೆಯ ಒಳಗಡೆ. ಈ ಎರಡರ ನಡುವಿನ ಐದಾರು ಮೈಲಿಯಲ್ಲಿ ಓಡ್ತಿರೋದೇ ಪಿಕಪ್.

ಪರಿಹಾರ ಎಲ್ಲಿದೆ ಗೊತ್ತಾ? ಭೀಮರಾಯನಗುಡಿಯಲ್ಲೇ ಇದೆ. ಯಾವ ವಿತರಣಾ ಕಾಲುವೆಗೆ ಎಷ್ಟು ದಿನ ನೀರು, ಯಾವಾಗ ಬಂದ್, ಯಾವಾಗ ಚಾಲೂ ಅನ್ನೋ ವೇಳಾಪಟ್ಟಿ ಇಟ್ಕೊಂಡು ಕೂತ ಕಚೇರಿಗಳ ಊರು ಅದು. ಅಚ್ಚುಕಟ್ಟು ಪ್ರಾಧಿಕಾರ ಅಲ್ಲಿದೆ, ಕೃಷಿ ಕಾಲೇಜು ಅಲ್ಲಿದೆ. ನೀರು ಯಾವಾಗ ಹೋಗುತ್ತೆ ಅಂತ ಗೊತ್ತಿದ್ರೆ ಬೆಳೆ ಯಾವಾಗ ಬರುತ್ತೆ ಅಂತ ಗೊತ್ತು. ಬೆಳೆ ಯಾವಾಗ ಅಂತ ಗೊತ್ತಿದ್ರೆ ಕೂಲಿಯವರು ಎಲ್ಲಿಂದ ಎಲ್ಲಿಗೆ ಹೋಗ್ತಾರೆ ಅಂತಲೂ ಗೊತ್ತು. ಆ ಪಟ್ಟಿಯನ್ನ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಮುಂದೆ ಇಡಿ. ಹತ್ತಿ ಬಿಡಿಸೋ ಎರಡು-ಮೂರು ತಿಂಗಳು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಕಾಲುವೆ ಕ್ರಾಸ್‌ವರೆಗೆ ಬಸ್ ಬಿಡಿ. ದೊಡ್ಡ ಬಸ್ ಹೋಗದ ಕಡೆ, ಸೀಟು ಇರೋ, ಪ್ರಯಾಣಿಕರ ಪರವಾನಗಿ ಇರೋ ಗಾಡಿಗಳಿಗೆ ದಾರಿ ಮಾಡಿಕೊಡಿ. ಇವತ್ತು ಪಿಕಪ್ ಓಡಿಸ್ತಿರೋ ಹುಡುಗನೇ ನಾಳೆ ಆ ಗಾಡಿ ಓಡಿಸಲಿ. ಅವನ ಕಂತೂ ಕಟ್ಟಲಿ, ಅವಳ ಜೀವವೂ ಉಳಿಯಲಿ. ನೀರಿಗೆ ವೇಳಾಪಟ್ಟಿ ಇರೋ ನಾಡಿನಲ್ಲಿ ಮನುಷ್ಯರಿಗೆ ಒಂದು ವೇಳಾಪಟ್ಟಿ ಮಾಡೋಕೆ ಆಗಲ್ವಾ?

ಕೊನೆಗೆ ಗಾಡಿ ಪ್ರೀತಿಸೋ ಹುಡುಗರಿಗೆ ಒಂದು ಮಾತು. ಹೋಲಿಸಿ, ಬೇಡ ಅನ್ನಲ್ಲ. ಎಂಜಿನ್ ಬಗ್ಗೆ ಮಾತಾಡೋರು ಎಂಜಿನ್ ಚೆನ್ನಾಗಿ ನೋಡ್ಕೋತಾರೆ. ಆದ್ರೆ ಮುಂದಿನ ಸಲ ಚಹಾದಂಗಡಿ ಮುಂದೆ ನಿಂತಾಗ ನಾಲ್ಕು ಪ್ರಶ್ನೆ ಜಾಸ್ತಿ ಕೇಳಿ. ಬ್ರೇಕ್ ಲೈನಿಂಗ್ ಯಾವಾಗ ಬದಲಿಸಿದ್ದು? ಟೈರ್ ನುಣುಪಾಗಿದೆಯಾ? ವಿಮೆ ಯಾರಿಗೆ ಇದೆ, ಯಾರಿಗೆ ಇಲ್ಲ? ಹಿಂದೆ ಹೇರಿರೋದು ಹತ್ತಿಯೋ, ಹತ್ತಿ ಬಿಡಿಸೋ ಕೈಗಳೋ?

ಎಷ್ಟ್ ಎಳೀತದ ಅಂತ ಹೇಳೋಕೆ ಕಂಪನಿಯವರಿದ್ದಾರೆ. ಎಷ್ಟ್ ತಡೀತದ ಅಂತ ಕೇಳೋದು ನಮ್ಮ ಕೆಲಸ.