ಮಂಗಳ–ಗುರುಗಳ ನಡುವೆ



1976ರಿಂದ ಬಾನಿನ ರೇಡಿಯೋ ಅಲೆಗಳಿಗೆ ಕಿವಿಗೊಟ್ಟಿರುವ ವೀಕ್ಷಣಾಲಯವನ್ನು ತನ್ನ ಮಗ್ಗುಲಲ್ಲಿಯೇ ಪಡೆದಿರುವ, ಪ್ರಶ್ನಿಸದೆ ಯಾವುದನ್ನೂ ಒಪ್ಪಲಾಗದೆಂದು ಜೀವಮಾನವಿಡೀ ಸಾರಿದ ಡಾ. ಎಚ್. ನರಸಿಂಹಯ್ಯನವರನ್ನು ನಾಡಿಗೆ ನೀಡಿದ ಗೌರಿಬಿದನೂರಿನಲ್ಲಿ ಖಗೋಳ ವಸ್ತುಪ್ರದರ್ಶನವೊಂದನ್ನು ಉದ್ಘಾಟಿಸುವ ಗೌರವ ನನ್ನ ಪಾಲಿಗೆ ಬಂದುದು ಸಂತೋಷದ ಸಂಗತಿ. ಆ ವೀಕ್ಷಣಾಲಯದಲ್ಲಿ ಸೂರ್ಯನ ಅಧ್ಯಯನ ನಡೆದಿದೆ. ನಾನಾದರೋ ಸೂರ್ಯನ ಪರಿವಾರದಲ್ಲಿ ಯಾರೂ ಅಷ್ಟಾಗಿ ಲೆಕ್ಕಕ್ಕೆ ಹಿಡಿಯದ ಕ್ಷುದ್ರಗ್ರಹಗಳನ್ನು ಕುರಿತು ಎರಡು ಮಾತು ಹೇಳಬಯಸುತ್ತೇನೆ.

ಒಳಗೆ ಬರುವಾಗ ಮಕ್ಕಳು ರಟ್ಟಿನ ಮೇಲೆ ರಚಿಸಿರುವ ಸೌರವ್ಯೂಹವನ್ನು ಕಂಡೆ. ಮಂಗಳ–ಗುರುಗಳ ನಡುವೆ ಗೋಂದು ಹಚ್ಚಿ, ಕ್ಷುದ್ರಗ್ರಹಗಳ ವಲಯವೆಂದು ಸಣ್ಣ ಜಲ್ಲಿಯನ್ನು ಒತ್ತೊತ್ತಾಗಿ ಅಂಟಿಸಿದ್ದಾರೆ. ನೋಟಕ್ಕೆ ಸೊಗಸು, ನಿಜಸ್ಥಿತಿ ಬೇರೆ. ಅಲ್ಲಿನ ಅತಿದೊಡ್ಡ ಕಾಯವಾದ, ಸುಮಾರು 940 ಕಿಲೋಮೀಟರ್ ವ್ಯಾಸದ ಸೆರೆಸ್ಸನ್ನು ಒಂದು ರಾಗಿಕಾಳೆಂದು ಎಣಿಸಿದರೆ, ಅದರ ನೆರೆಯ ಕಲ್ಲು ಕಣ್ಣಿಗೆ ಬೀಳದ ಧೂಳಿನ ಕಣವಾಗಿ ಒಂದು ಮಾರು ದೂರದಲ್ಲಿರುತ್ತದೆ. ಆ ವಲಯದ ಸಮಸ್ತ ಕಾಯಗಳನ್ನು ಒಟ್ಟುಗೂಡಿಸಿದರೂ ನಮ್ಮ ಚಂದ್ರನ ದ್ರವ್ಯರಾಶಿಯ ನೂರರಲ್ಲಿ ಮೂರು ಪಾಲಷ್ಟೇ. ಹೀಗಿರುವಲ್ಲಿ ಅವು ಒಡೆದುಹೋದ ಮಹಾಗ್ರಹವೊಂದರ ಅವಶೇಷಗಳೆಂಬ ಹಳೆಯ ಊಹೆ ನಿಲ್ಲುವುದಾದರೂ ಹೇಗೆ? ಗ್ರಹವಾಗಬೇಕಿದ್ದ ಸಾಮಗ್ರಿಯನ್ನು ಗುರುವಿನ ಆಕರ್ಷಣೆಯು ಕಲಕಿ, ಒಂದುಗೂಡಗೊಡದೆ, ಬಹುಪಾಲನ್ನು ಹೊರಗಟ್ಟಿತೆಂಬುದೇ ಇಂದಿನ ವಿದ್ವಾಂಸರ ಮತ.

1801ರ ಜನವರಿ 1ರಂದು ಇಟಲಿಯ ಪಲೆರ್ಮೊದಲ್ಲಿ ಖಗೋಳವಿಜ್ಞಾನಿ ಪಿಯಾಜಿ ಸೆರೆಸ್ಸನ್ನು ಕಂಡಾಗ ಅದಕ್ಕೆ ಗ್ರಹಪದವಿ ದೊರೆಯಿತು. ಸಂಗಾತಿಗಳು ಒಂದೊಂದಾಗಿ ಗೋಚರಿಸತೊಡಗಿದ ಮೇಲೆ ಆ ಪದವಿ ಕಳೆಯಿತು. ಸೂರ್ಯನನ್ನು ಸುತ್ತುವುದು, ಸ್ವಂತ ಗುರುತ್ವದಿಂದ ದುಂಡಗಾಗುವುದು, ಕಕ್ಷೆಯ ನೆರೆಹೊರೆಯನ್ನು ತೆರವುಗೊಳಿಸುವುದು ಎಂಬಿವು ಗ್ರಹಲಕ್ಷಣಗಳೆಂದು 2006ರಲ್ಲಿ ನಿರ್ಣಯವಾದಾಗ, ಮೊದಲೆರಡನ್ನು ಪೂರೈಸಿ ಮೂರನೆಯದರಲ್ಲಿ ಸೋತ ಸೆರೆಸ್ ಕುಬ್ಜಗ್ರಹವೆನಿಸಿತು. ಉಳಿದವುಗಳಲ್ಲಿ ಬಹುತೇಕ ಕಾಯಗಳು ದುಂಡಗಾಗುವಷ್ಟು ದ್ರವ್ಯವೇ ಇಲ್ಲದ ಒರಟು ಬಂಡೆಗಳು.

ನನಗೆ ಅವುಗಳ ಮಹತ್ವ ತೋರುವುದೂ ಈ ಕೊರತೆಯಲ್ಲಿಯೇ. ಭೂಮಿಯು ಕರಗಿ, ಕಬ್ಬಿಣವನ್ನು ಒಡಲಿಗಿಳಿಸಿ, ತನ್ನ ಆದಿಯ ಗುರುತನ್ನು ಅಳಿಸಿಕೊಂಡಿತು. ಈ ಕಲ್ಲುಗಳಲ್ಲಿ ಹಲವಾದರೋ ಸುಮಾರು 450 ಕೋಟಿ ವರ್ಷಗಳ ಹಿಂದಿನ ದ್ರವ್ಯವನ್ನು ಬಹುಮಟ್ಟಿಗೆ ಹಾಗೆಯೇ ಕಾಪಾಡಿವೆ.

ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ ಕಾವಲೂರಿನ ವೀಕ್ಷಣಾಲಯದಿಂದ 1988ರಲ್ಲಿ ಆರ್. ರಾಜಮೋಹನ್ ಅವರು ಕಂಡುಹಿಡಿದ ಕ್ಷುದ್ರಗ್ರಹವೊಂದು ಇಂದು 4130 ರಾಮಾನುಜನ್ ಎಂಬ ಹೆಸರಿನಲ್ಲಿದೆ. ಗೌರಿಬಿದನೂರಿನ ವೀಕ್ಷಣಾಲಯವನ್ನು ರಾಮನ್ ಸಂಶೋಧನಾ ಸಂಸ್ಥೆಯೊಡನೆ ಸೇರಿ ಕಟ್ಟಿದುದೂ ಅದೇ ಸಂಸ್ಥೆ. ಆದುದರಿಂದ ಆ ಶೋಧ ನಿಮಗೆ ತೀರ ಹೊರಗಿನದಲ್ಲ. ಮಾದರಿಗಳನ್ನು ರಚಿಸಿದ ಮಕ್ಕಳನ್ನು ಅವುಗಳ ಬಳಿಯೇ ನಿಲ್ಲಿಸಿರಿ, ನೋಡಬಂದವರು ಅವರನ್ನು ಧಾರಾಳವಾಗಿ ಪ್ರಶ್ನಿಸಲಿ. ಈ ಪ್ರದರ್ಶನವು ಉದ್ಘಾಟಿತವಾಯಿತೆಂದು ಸಾರುತ್ತೇನೆ.